ರಂಜಕ: ಹೆಚ್ಚು ಹಾಕಿದರೆ ಹೆಚ್ಚು ಫಲವೇ?



ಮುಂಗಾರಿಗೆ ಮುಂಚೆ ಸಂಘದ ಗೋದಾಮಿಗೆ ಬರುವವರಲ್ಲಿ ಅನೇಕರು ಮೊದಲು ಕೇಳುವುದು ಡಿ.ಎ.ಪಿ.ಯನ್ನು. ಅದು ಸಿಗದಿದ್ದರೆ ಫಸಲೇ ಹೋಯಿತೆಂದು ಚಿಂತಿಸುವವರೂ ಉಂಟು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಕೊನೆಗೊಮ್ಮೆ ನಮ್ಮ ಅಡಿಕೆ ತೋಟದ ಮಣ್ಣನ್ನು ಪರೀಕ್ಷೆ ಮಾಡಿಸಿದಾಗ ರಂಜಕ ಧಾರಾಳವಾಗಿದೆ, ಕೊರತೆ ಇರುವುದು ಪೊಟ್ಯಾಷಿನದು, ಮಣ್ಣು ತೀರಾ ಹುಳಿಯಾಗಿದೆ ಎಂಬ ವರದಿ ಬಂತು. ಅಷ್ಟು ವರ್ಷದ ಹಣವನ್ನು ಮಣ್ಣಿನಲ್ಲಿ ಹೂತಂತಾಗಿತ್ತು.

ಹೀಗೇಕೆ? ಸಾರಜನಕ ಮಳೆನೀರಿನೊಡನೆ ಬಸಿದು ಹೋಗುತ್ತದೆ. ರಂಜಕ ಹಾಗಲ್ಲ, ಹಾಕಿದ ಜಾಗದಿಂದ ಹೆಚ್ಚು ಕದಲದು. ಮಲೆನಾಡಿನ ಕೆಂಪು ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಅದನ್ನು ಹಿಡಿದಿಡುತ್ತವೆ. ಹುಳಿ ಹೆಚ್ಚಿದಷ್ಟೂ ಈ ಹಿಡಿತ ಬಿಗಿ. ಆ ವರ್ಷ ಬೇರಿಗೆ ದಕ್ಕುವುದು ಅಲ್ಪ ಭಾಗ. ಉಳಿದುದು ಮಣ್ಣಿನಲ್ಲಿ ಶೇಖರವಾಗುತ್ತದೆ, ಇಲ್ಲವೇ ಮೇಲ್ಮಣ್ಣು ಕೊಚ್ಚಿದಾಗ ಹಳ್ಳ ಸೇರುತ್ತದೆ.

ಆದ್ದರಿಂದ ಗಮನಿಸಬೇಕಾದುವು ನಾಲ್ಕು:

1. ಪ್ರಮಾಣ: ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಸಾಮಾನ್ಯ ಶಿಫಾರಸು. ಈ 40 ಗ್ರಾಂ ರಂಜಕ ಸುಮಾರು 87 ಗ್ರಾಂ ಡಿ.ಎ.ಪಿ.ಯಲ್ಲಿ, 250 ಗ್ರಾಂ ಸೂಪರ್ ಫಾಸ್ಫೇಟಿನಲ್ಲಿ ಅಥವಾ ಶೇಕಡ 20ರ ರಾಕ್ ಫಾಸ್ಫೇಟಾದರೆ 200 ಗ್ರಾಂನಲ್ಲಿ ದೊರೆಯುತ್ತದೆ. ಡಿ.ಎ.ಪಿ. ಹಾಕಿದರೆ ಅದರಲ್ಲಿನ 16 ಗ್ರಾಂ ಸಾರಜನಕವನ್ನು ಯೂರಿಯಾದ ಲೆಕ್ಕದಲ್ಲಿ ಕಳೆಯಿರಿ.

2. ಬಗೆ: ರಾಕ್ ಫಾಸ್ಫೇಟ್ ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗಿ ಒದಗುತ್ತದೆ. ಸುಣ್ಣ ಹಾಕಿ ಹುಳಿ ಇಳಿಸಿದ ತೋಟದಲ್ಲಿ ಅದು ಸರಿಯಾಗಿ ಕರಗದು. ಅಲ್ಲಿ ಸೂಪರ್ ಫಾಸ್ಫೇಟೇ ಮೇಲು.

3. ಜಾಗ: ಮೇಲೆ ಎರಚಬೇಡಿ. ಅಡಿಕೆಗೆ ಬುಡ ಬಿಡಿಸಿ, ಕಾಫಿಗೆ ದರಗು ಸರಿಸಿ, ಬೇರು ಹರಡಿದ ಸುತ್ತಿನಲ್ಲಿ ಹಾಕಿ ಮಣ್ಣು ಮುಚ್ಚಿರಿ. ಜಡಿಮಳೆಯಲ್ಲಿ ಬೇಡ.

4. ಸುಣ್ಣ ಮತ್ತು ಸೊಪ್ಪು: ಪರೀಕ್ಷೆಯ ಸಲಹೆಯಂತೆ ಸುಣ್ಣ ಕೊಟ್ಟರೆ ಬಂಧನದಲ್ಲಿರುವ ರಂಜಕ ಸ್ವಲ್ಪ ಬಿಡುಗಡೆಯಾಗುತ್ತದೆ. ಸುಣ್ಣ, ಗೊಬ್ಬರಗಳನ್ನು ಒಟ್ಟಿಗೆ ಹಾಕದೆ ಕೆಲವು ವಾರ ಅಂತರ ಬಿಡಿ. ಸೊಪ್ಪು, ಕೊಟ್ಟಿಗೆ ಗೊಬ್ಬರ ಸಹ ಆ ಹಿಡಿತವನ್ನು ಸಡಿಲಿಸುತ್ತವೆ.

ರಂಜಕ ಸಾಕಷ್ಟಿದೆಯೆಂದು ವರದಿ ಬಂದಲ್ಲಿ ಪ್ರಮಾಣ ತಗ್ಗಿಸಲು ಅಂಜಬೇಕಿಲ್ಲ. ನಮ್ಮ ದೇಶ ರಂಜಕದ ಬಹುಪಾಲನ್ನು ಹೊರದೇಶಗಳಿಂದ ತರಿಸುತ್ತದೆ. ಬೆಲೆ ನಮ್ಮ ಕೈಯಲ್ಲಿಲ್ಲ, ಬಳಕೆ ಇದೆ. ಗೊಬ್ಬರ ಹಾಕುವ ಮುನ್ನವೇ ತೋಟದ ಹಲವು ಕಡೆಯ ಮಣ್ಣನ್ನು ಬೆರೆಸಿ ಮಾದರಿ ತೆಗೆದು ಪರೀಕ್ಷೆ ಮಾಡಿಸಬೇಕೆಂದೂ, ಚೀಲಕ್ಕೆ ಬೇಡಿಕೆ ಸಲ್ಲಿಸುವಾಗ ವರದಿಯನ್ನು ಜೊತೆಗೆ ತರಬೇಕೆಂದೂ ಸದಸ್ಯರಲ್ಲಿ ನಮ್ಮ ವಿನಂತಿ.

— ಕಾರ್ಯದರ್ಶಿ