ಹತ್ತು ವಾಟ್‌ನ ಆಟ

ನಿಂಟೆಂಡೊ ಸ್ವಿಚ್ 2 ಎಂಬ ಗೇಮಿಂಗ್ ಯಂತ್ರ ಮಾರುಕಟ್ಟೆಗೆ ಬಂದದ್ದು 2025ರ ಜೂನ್ 5ರಂದು. ನಾಲ್ಕೇ ದಿನಕ್ಕೆ ಜಗತ್ತಿನಾದ್ಯಂತ 35 ಲಕ್ಷ ಯಂತ್ರ ಖರ್ಚಾದವು. ಅಂದಿನಿಂದ ನನ್ನ ತಂಗಿ ಮಗನದು ಒಂದೇ ರಾಗ: ‘ಮಾಮ, ಇದು ಪಿಎಸ್5ಗೆ ಸಮ ಬರುತ್ತಾ?’ ಚಿಪ್ ಕಂಪನಿಯಲ್ಲಿ ಕೆಲಸ ಮಾಡುವ ಮಾಮನಿಗೆ ಇಂಥ ಪಂಚಾಯ್ತಿ ತಪ್ಪಿದ್ದಲ್ಲ.

ಹುಡುಗರ ಅಳತೆಗೋಲು ಟೆರಾಫ್ಲಾಪ್. ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಸೋನಿಯ ಪ್ಲೇಸ್ಟೇಷನ್ 5ರದು (ಪಿಎಸ್5) 10.28, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನದು 12, ಅಗ್ಗದ ಸೀರೀಸ್ ಎಸ್‌ನದು 4. ಸ್ವಿಚ್ 2 ಡಾಕ್‌ನಲ್ಲಿ ಕೂತು ಟೀವಿಗೆ ಸೇರಿದಾಗ ಸುಮಾರು 3, ಕೈಗೆ ಬಂದಾಗ 1.7. 2013ರ ಪಿಎಸ್4ಗೇ 1.84 ಇತ್ತು! ಇಲ್ಲಿಗೇ ಬಿಟ್ಟರೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆದರೆ ಸ್ವಿಚ್ 2ರ ಬ್ಯಾಟರಿ ನೋಡಿ. 5220 ಎಂಎಎಚ್, ಅಂದರೆ ಹೆಚ್ಚುಕಡಿಮೆ 20 ವಾಟ್-ಅವರ್. ಭಾರೀ ಆಟವಾದರೆ ಎರಡು ಗಂಟೆಗೇ ಬರಿದಾಗಬಹುದೆಂದು ಕಂಪನಿಯೇ ಹೇಳುತ್ತದೆ. ಭಾಗಿಸಿದರೆ ಹತ್ತು ವಾಟ್. ಚಿಪ್ಪು, ಪರದೆ, ಫ್ಯಾನು, ವೈಫೈ ಎಲ್ಲದರ ಸಂಸಾರವೂ ಒಂದು ಎಲ್‌ಇಡಿ ಬಲ್ಬಿನ ಕರೆಂಟಿನಲ್ಲಿ ಸಾಗಬೇಕು. ಪಿಎಸ್5 ದೊಡ್ಡ ಆಟ ಓಡಿಸುವಾಗ 200 ವಾಟ್ ಆಸುಪಾಸು ಹೀರುತ್ತದೆ. ಇಪ್ಪತ್ತು ಪಟ್ಟು ಕರೆಂಟು ತಿಂದು ಆರು ಪಟ್ಟು ಲೆಕ್ಕ ಮಾಡುವುದು ಯಾವ ಸೀಮೆ ಹೆಚ್ಚುಗಾರಿಕೆಯೋ ಎಂದು ಹುಡುಗನನ್ನು ಕೆಣಕುತ್ತೇನೆ.

ಟೆರಾಫ್ಲಾಪ್ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ‘ಸೈಬರ್‌ಪಂಕ್ 2077’ ಸಾಕ್ಷಿ. 2020ರ ಡಿಸೆಂಬರ್‌ನಲ್ಲಿ ಅದು ಪಿಎಸ್4ರಲ್ಲಿ ಎಷ್ಟು ಮುಗ್ಗರಿಸಿತೆಂದರೆ, ವಾರ ಕಳೆಯುತ್ತಿದ್ದಂತೆ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಅದನ್ನು ತೆಗೆದುಹಾಕಿತು. ಅದೇ ಆಟ ಸ್ವಿಚ್ 2ರಲ್ಲಿ ಕೈಯಲ್ಲೇ ಆಡುವಂತಿದೆ. ಸೆಕೆಂಡಿಗೆ 30 ಫ್ರೇಮ್, ರೆಸಲ್ಯೂಷನ್ ತಗ್ಗಿಸಿದರೆ 40ರ ಗುರಿ. ಪಿಎಸ್4ರಲ್ಲಿದ್ದದ್ದು ತಿರುಗುವ ಹಾರ್ಡ್‌ಡಿಸ್ಕ್, 8 ಜಿಬಿ ಮೆಮೊರಿ, ಆ ಕಾಲಕ್ಕೇ ಮಂದವೆನಿಸಿದ್ದ ಪ್ರೊಸೆಸರ್. ಸ್ವಿಚ್ 2ರಲ್ಲಿ 12 ಜಿಬಿ ಮೆಮೊರಿ, 256 ಜಿಬಿಯ ಚುರುಕಾದ ಫ್ಲ್ಯಾಶ್ ಸ್ಟೋರೇಜ್.

ಜತೆಗೆ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ತಂತ್ರಜ್ಞಾನ. ಚಿಪ್ಪು ಚಿತ್ರವನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಮೂಡಿಸುತ್ತದೆ. ಹಿಂದಿನ ಫ್ರೇಮ್‌ಗಳಲ್ಲಿ ಕಂಡದ್ದನ್ನೂ ಬಳಸಿಕೊಂಡು ಮೊದಲೇ ತರಬೇತಾದ ನ್ಯೂರಲ್ ನೆಟ್‌ವರ್ಕ್ ಉಳಿದ ಪಿಕ್ಸೆಲ್ ತುಂಬುತ್ತದೆ. ಆಟದೊಳಗೆ ನಿಂತು ನೋಡಿದರೆ ಈ ಕೈಚಳಕ ಗೊತ್ತೇ ಆಗದು. ರಾತ್ರಿ ಬೀದಿಯಲ್ಲಿ ಕಾರು ಜೋರಾಗಿ ಓಡಿಸಿ. ತಂತಿಬೇಲಿ, ಮರದೆಲೆಗಳ ಅಂಚು ಕಲಸಿಹೋಗುತ್ತದೆ. 7.9 ಇಂಚಿನ ಪರದೆ ಇದನ್ನು ಮರೆಮಾಚುತ್ತದೆ, 55 ಇಂಚಿನ ಟೀವಿ ಮರೆಮಾಚುವುದಿಲ್ಲ.

ಹಾಗಾಗಿ, ಟೀವಿ ಮುಂದೆ ಕೂತೇ ಆಡುವವರಿಗೆ ಪಿಎಸ್5 ವಾಸಿ. ರೈಲಿನ ಮೇಲಿನ ಬರ್ತ್‌ನಲ್ಲಿ ಮಲಗಿ ಆಡುವವರಿಗೆ, ಮಾರಿಯೊ, ಜೆಲ್ಡಾ ಇಲ್ಲದೆ ಆಗದು ಎನ್ನುವವರಿಗೆ ಸ್ವಿಚ್ 2. ಒಂದು ಮಾತು: ನಿಂಟೆಂಡೊ ಭಾರತದಲ್ಲಿ ಇದರ ಅಧಿಕೃತ ಮಾರಾಟ ಆರಂಭಿಸಿಲ್ಲ, ಇಲ್ಲಿ ಸಿಗುವುದು ಹೊರಗಿನಿಂದ ತಂದ ಮಾಲು. ಕೊಳ್ಳುವಾಗ ಬಿಲ್ ಕೇಳಿ, ವಾರಂಟಿ ಯಾರದು ಎಂಬುದನ್ನು ಅದರ ಮೇಲೆ ಬರೆಸಿಕೊಳ್ಳಿ.