ಗುಡ್ಡದ ಮೇಲೆ ಬಿದ್ದ ಹನಿ ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ಬೆಂಗಳೂರಿನ ಲಾಲ್‌ಬಾಗ್ ಹೆಸರನ್ನು ನೀವೆಲ್ಲ ಕೇಳಿರುತ್ತೀರಿ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು 240 ಎಕರೆ ವಿಸ್ತಾರದ ಸಸ್ಯೋದ್ಯಾನ. ಪ್ರವಾಸಕ್ಕೆ ಹೋದವರು ಗಾಜಿನ ಮನೆ, ಹೂವು, ದೊಡ್ಡ ದೊಡ್ಡ ಮರಗಳನ್ನು ನೋಡಿ ಬರುತ್ತಾರೆ. ಅಲ್ಲಿ ಇನ್ನೂ ಎರಡು ಜಾಗಗಳಿವೆ. ಒಂದು, ತಲೆಯ ಮೇಲೆ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆಗುಡ್ಡ. ಇನ್ನೊಂದು, ದಕ್ಷಿಣದ ತಗ್ಗಿನಲ್ಲಿರುವ ಕೆರೆ. ಮೇಲೆ ಗುಡ್ಡ, ಕೆಳಗೆ ಕೆರೆ. ಇವೆರಡಕ್ಕೂ ಇರುವ ಸಂಬಂಧವೇನು?

ಮುನ್ನೂರು ಕೋಟಿ ವರ್ಷದ ಬಂಡೆ

ಗುಡ್ಡವನ್ನು ಹತ್ತುವಾಗ ಕಾಲ ಕೆಳಗೆ ನೋಡಿ. ಬಂಡೆಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಕಾಣುತ್ತವೆ. ಈ ಶಿಲೆಯ ಹೆಸರು ನೈಸ್. ಭೂಮಿಯ ಆಳದಲ್ಲಿ ಅತಿಯಾದ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಹಳೆಯ ಶಿಲೆಗಳು ರೂಪ ಬದಲಿಸಿದಾಗ ಇಂಥ ಪಟ್ಟೆಗಳು ಮೂಡುತ್ತವೆ. ಆದ್ದರಿಂದಲೇ ಇದು ರೂಪಾಂತರ ಶಿಲೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಒಂದು ಮಳೆ, ಎಷ್ಟು ನೀರು?

ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ. ಮಳೆನೀರಿನ ಒಂದು ಭಾಗ ಅವುಗಳ ಮೂಲಕ ಒಳಗೆ ಇಂಗುತ್ತದೆ. ಗಟ್ಟಿ ಬಂಡೆಯಲ್ಲಿ ಬಿರುಕುಗಳನ್ನು ಬಿಟ್ಟರೆ ನೀರು ಇಂಗಲು ಜಾಗವಿಲ್ಲ. ಹೆಚ್ಚಿನ ನೀರು ಇಳಿಜಾರಿನಲ್ಲಿ ಹರಿದುಹೋಗುತ್ತದೆ.

ಒಂದು ಲೆಕ್ಕ ಮಾಡೋಣ. 1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. ಹಾಗಾದರೆ 1,000 ಚದರ ಮೀಟರ್ ಬಂಡೆಯ ಮೇಲೆ 30 ಮಿಲಿಮೀಟರ್ ಮಳೆಯಾದರೆ? 30,000 ಲೀಟರ್! ಇಷ್ಟು ನೀರನ್ನು ತುಂಬಿಡಲು 15 ಲೀಟರಿನ 2,000 ಕೊಡಗಳು ಬೇಕು. ಅದಕ್ಕೇ ನಮ್ಮ ಹಿರಿಯರು ಇಳಿಜಾರಿನ ಕೆಳಗೆ ಏರಿ ಕಟ್ಟಿ ಕೆರೆ ಮಾಡುತ್ತಿದ್ದರು. ಒಂದು ಕೆರೆಗೆ ಎಷ್ಟು ಜಾಗದ ಮಳೆನೀರು ಹರಿದು ಬರುತ್ತದೆಯೋ ಅಷ್ಟೂ ಜಾಗ ಆ ಕೆರೆಯ ಜಲಾನಯನ ಪ್ರದೇಶ.

ಎರಡು ಬಂಡೆ, ಎರಡು ದಾರಿ

ಲಾಲ್‌ಬಾಗಿನಿಂದ ಪಶ್ಚಿಮಕ್ಕೆ ಸುಮಾರು 2 ಕಿಲೋಮೀಟರ್ ದೂರದಲ್ಲಿ, ಬಸವನಗುಡಿಯ ದೊಡ್ಡ ಬಸವಣ್ಣನ ದೇವಾಲಯದ ಪಕ್ಕದಲ್ಲಿ, ಇನ್ನೊಂದು ಪುಟ್ಟ ಉದ್ಯಾನವಿದೆ. ಅಲ್ಲಿರುವುದು ಕಹಳೆ ಬಂಡೆ. ಹಿಂದೆ ಕಾವಲುಗಾರರು ಇದರ ಮೇಲೆ ನಿಂತು ಸುತ್ತಲೂ ಕಣ್ಣಿಟ್ಟು, ಅಪಾಯ ಕಂಡರೆ ಕಹಳೆ ಊದುತ್ತಿದ್ದರಂತೆ. ಇದೂ ನೈಸ್ ಶಿಲೆಯೇ.

ಒಂದೇ ಮೋಡದಿಂದ ಎರಡು ಹನಿಗಳು ಬಿದ್ದವು ಎಂದುಕೊಳ್ಳಿ. ಒಂದು ಹನಿ ಕಹಳೆ ಬಂಡೆಯ ಪಶ್ಚಿಮದ ಇಳಿಜಾರಿಗೆ ಬಿತ್ತು. ಅದರ ದಾರಿ ವೃಷಭಾವತಿ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಇನ್ನೊಂದು ಹನಿ ಲಾಲ್‌ಬಾಗ್ ಕೆರೆಗೆ ಸೇರಿತು. ಕೆರೆ ತುಂಬಿ ಕೋಡಿ ಹರಿದಾಗ ಅದು ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿ ನದಿಯ ಕಡೆಗೆ ಹೋಗುತ್ತದೆ. ಹೀಗೆ ನೀರನ್ನು ಎರಡು ಕಡೆಗೆ ಹಂಚುವ ಎತ್ತರದ ನೆಲಕ್ಕೆ ಜಲವಿಭಾಜಕ ಎಂದು ಹೆಸರು. ಪಕ್ಕಪಕ್ಕದಲ್ಲಿ ಬಿದ್ದ ಹನಿಗಳು ದೂರದ ಬಂಗಾಳ ಕೊಲ್ಲಿಯನ್ನು ಬೇರೆ ಬೇರೆ ಜಾಗಗಳಲ್ಲಿ ಸೇರುತ್ತವೆ!

ದಾರಿ ಕೆಟ್ಟರೆ?

ಹನಿ ಹೊರಟಾಗ ಶುದ್ಧವಾಗಿರುತ್ತದೆ. ಆದರೆ ಅದು ಸಾಗುವ ಕಾಲುವೆಗಳಿಗೆ ಮನೆ, ಕಾರ್ಖಾನೆಗಳ ಕೊಳಕು ನೀರೂ ಸೇರಿತು. ವೃಷಭಾವತಿ ಕಪ್ಪಾಯಿತು. ಬೆಳ್ಳಂದೂರು ಕೆರೆಯಲ್ಲಿ ಆಳೆತ್ತರದ ನೊರೆ ಎದ್ದಿತು. 2015ರಲ್ಲಿ ಆ ನೊರೆಗೆ ಬೆಂಕಿಯೂ ಹೊತ್ತಿಕೊಂಡಿತು. ನೀರಿನ ಮೇಲೆ ಬೆಂಕಿ ಎಂದರೆ ನಂಬುವುದೇ ಕಷ್ಟ, ಅಲ್ಲವೇ?

ಕಾಲುವೆ ಮುಚ್ಚಿದರೂ ತೊಂದರೆಯೇ. ನೀರಿಗೆ ದಾರಿ ಸಿಗದೆ ಮನೆಗಳಿಗೆ ನುಗ್ಗುತ್ತದೆ. ಕೆಳಗಿನ ಕೆರೆ ಒಣಗುತ್ತದೆ. ಆದ್ದರಿಂದ ಕೆರೆಯನ್ನು ಉಳಿಸುವುದೆಂದರೆ ಅದರ ದಂಡೆಗೆ ಬೇಲಿ ಹಾಕಿದರೆ ಮುಗಿಯಲಿಲ್ಲ. ಗುಡ್ಡದಿಂದ ಕೆರೆಯವರೆಗಿನ ದಾರಿಯನ್ನೂ ಉಳಿಸಬೇಕು.

ನೀವೇ ಮಾಡಿ ನೋಡಿ

ಹಳೆಯ ಕ್ಯಾಲೆಂಡರಿನ ಒಂದು ನಯವಾದ ಹಾಳೆಯನ್ನು ಮುದುಡಿ, ಅರ್ಧ ಬಿಡಿಸಿ, ತಟ್ಟೆಯಲ್ಲಿ ಗುಡ್ಡದಂತೆ ನಿಲ್ಲಿಸಿ. ಎತ್ತರದ ಏಣುಗಳ ಮೇಲೆಲ್ಲ ನೀಲಿ ಸ್ಕೆಚ್ ಪೆನ್ನಿನಿಂದ ದಪ್ಪ ಗೆರೆ ಎಳೆಯಿರಿ. ಈಗ ಕೈಯಿಂದ ನೀರು ಚಿಮುಕಿಸಿ. ನೀಲಿ ಬಣ್ಣ ಯಾವ ಯಾವ ಕಡೆ ಇಳಿಯಿತು? ಎಲ್ಲಿ ನಿಂತಿತು? ನೀವು ಗೆರೆ ಎಳೆದ ಏಣೇ ಜಲವಿಭಾಜಕ. ಬಣ್ಣದ ನೀರು ನಿಂತ ತಗ್ಗೇ ಕೆರೆ.

ಮುಂದಿನ ಮಳೆ ನಿಂತ ಮೇಲೆ ಶಿಕ್ಷಕರ ಜೊತೆ ನಿಮ್ಮೂರಿನ ಎತ್ತರದ ಜಾಗಕ್ಕೆ ಹೋಗಿ. ನೀರು ಯಾವ ದಾರಿಯಲ್ಲಿ ಇಳಿದಿದೆ, ಎಲ್ಲಿ ಕಸ ಅಡ್ಡ ಬಂದಿದೆ, ಯಾವ ಕೆರೆ ಸೇರಿದೆ ಎಂಬುದನ್ನು ನೋಡಿ ನಕ್ಷೆ ಬರೆಯಿರಿ. ಅದನ್ನು ತರಗತಿಯ ಗೋಡೆಗೆ ಅಂಟಿಸಿ, ಊರಿನ ಹಿರಿಯರಿಗೆ ತೋರಿಸಿ ಕೇಳಿ: ನಿಮ್ಮ ಕಾಲದಲ್ಲೂ ನೀರು ಇದೇ ದಾರಿಯಲ್ಲಿ ಹರಿಯುತ್ತಿತ್ತೇ?