ಗಡುವು ತಪ್ಪದ ಗಣಕ: ಒಂದು ಕೆಲಸಕ್ಕೊಂದು ಮೀಸಲು ಕೋರ್

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಹಾಗೂ ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ಉದ್ಯಾನ ಹರಡಿದೆ. ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನಲ್ಲಿ ರೂಪುಗೊಂಡು, 2018ರ ಮಾರ್ಚ್ 1ರಂದು ಉದ್ಘಾಟನೆಗೊಂಡ ಈ ಉದ್ಯಾನದ ಸಾಮರ್ಥ್ಯ 2,050 ಮೆಗಾವ್ಯಾಟ್. ಮೋಡ ಕವಿದರೆ ಉತ್ಪಾದನೆ ನಿಮಿಷಗಳಲ್ಲಿ ಕುಸಿಯುತ್ತದೆ. ಪ್ರಸರಣ ಮಾರ್ಗದಲ್ಲಿ ದೋಷ ಕಾಣಿಸಿಕೊಂಡರೆ ಅದನ್ನು ಕ್ಷಣಾರ್ಧದಲ್ಲಿ ಬೇರ್ಪಡಿಸಬೇಕು. ಇಲ್ಲವಾದರೆ ತೊಂದರೆ ದೂರಕ್ಕೂ ಹಬ್ಬೀತು. ಮಧುಗಿರಿ, ಶಿರಾ, ಕೊರಟಗೆರೆಯ ಕೊಳವೆಬಾವಿ ಪಂಪ್‌ಸೆಟ್‌ಗಳು ನೆಚ್ಚಿಕೊಂಡಿರುವುದೂ ಪರಸ್ಪರ ಬೆಸೆದ ಇದೇ ಜಾಲವನ್ನು.

ಭಾರತದ ವಿದ್ಯುತ್ ಜಾಲದ ಆವರ್ತನ ಸೆಕೆಂಡಿಗೆ 50. ಎಂದರೆ ಒಂದು ಆವರ್ತನದ ಅವಧಿ 20 ಮಿಲಿಸೆಕೆಂಡ್. ಡಿಜಿಟಲ್ ಉಪಕೇಂದ್ರಗಳಲ್ಲಿ ಪ್ರತಿ ಆವರ್ತನವನ್ನು 80 ಬಾರಿ ಅಳೆಯುವ ಪದ್ಧತಿಯಿದೆ. ಆಗ ಸೆಕೆಂಡಿಗೆ 4,000 ಅಳತೆಗಳು, 250 ಮೈಕ್ರೋಸೆಕೆಂಡಿಗೆ ಒಂದರಂತೆ ಬರುತ್ತವೆ. ಈ ಕೆಲಸಕ್ಕೆಂದೇ ತಯಾರಾದ ರಿಲೇಗಳು ಇದನ್ನು ನಿಭಾಯಿಸುತ್ತ ಬಂದಿವೆ. ಇದೇ ಹೊಣೆಯನ್ನು ಸಾಮಾನ್ಯ ಗಣಕಕ್ಕೆ ವಹಿಸಿದಾಗ ಸಮಸ್ಯೆ ಎದುರಾಗುತ್ತದೆ.

ವಿಳಂಬವೇಕೆ?

ಗಣಕದ ಕಾರ್ಯಾಚರಣ ವ್ಯವಸ್ಥೆ ಕೆರೆಯ ನೀರುಗಂಟಿಯಂತೆ. ಎಲ್ಲ ಕೆಲಸಗಳಿಗೂ ಸರದಿಯಂತೆ ಪ್ರೊಸೆಸರ್ ಸಮಯವನ್ನು ಹಂಚುತ್ತದೆ. ನಡುವೆ ಜಾಲಬಂಧದ ಕಾರ್ಡ್, ಡಿಸ್ಕ್, ಗಡಿಯಾರ ಮುಂತಾದವುಗಳ ಅಡ್ಡಿಕರೆಗಳೂ ಬರುತ್ತವೆ. ಪತ್ರ ಟೈಪ್ ಮಾಡುವವರಿಗೆ ಕೆಲವು ಮಿಲಿಸೆಕೆಂಡ್ ವಿಳಂಬ ಗೊತ್ತೇ ಆಗದು. 250 ಮೈಕ್ರೋಸೆಕೆಂಡಿನ ಗಡುವಿರುವ ಕೆಲಸಕ್ಕೆ ಅದು ಹತ್ತಾರು ಅಳತೆಗಳ ನಷ್ಟ. ಇಲ್ಲಿ ಸರಾಸರಿ ವೇಗಕ್ಕೆ ಬೆಲೆಯಿಲ್ಲ. ಅತಿ ಹೆಚ್ಚಿನ ವಿಳಂಬ ಎಷ್ಟೆಂಬುದೇ ಮುಖ್ಯ.

ಪರಿಹಾರವೇನು?

ಎಂಟು ಕೋರ್‌ಗಳ ಪ್ರೊಸೆಸರಿನಲ್ಲಿ ಎರಡನ್ನು ತುರ್ತು ಕೆಲಸಕ್ಕೇ ಮೀಸಲಿಡಬಹುದು. ಒಂದು ಹೊಲಕ್ಕೆಂದೇ ಪ್ರತ್ಯೇಕ ಕಾಲುವೆ ತೆಗೆದಂತೆ. ಲಿನಕ್ಸ್‌ನಲ್ಲಿ ಇದಕ್ಕೆ ಮೂರು ಹೆಜ್ಜೆಗಳಿವೆ. 'ಐಸೋಲ್‌ಸಿಪಿಯುಸ್' ಸೂಚನೆಯಿಂದ ಆ ಕೋರ್‌ಗಳು ಸಾಮಾನ್ಯ ಹಂಚಿಕೆಯಿಂದ ಹೊರಗುಳಿಯುತ್ತವೆ; ತುರ್ತು ಕೆಲಸವನ್ನು ಮಾತ್ರ ಅವುಗಳಿಗೆ ಹೆಸರಿಸಿ ಒಪ್ಪಿಸಲಾಗುತ್ತದೆ. ಸಾಧನಗಳ ಅಡ್ಡಿಕರೆಗಳನ್ನು ಉಳಿದ ಕೋರ್‌ಗಳತ್ತ ತಿರುಗಿಸುವುದು ಎರಡನೆಯದು. ಮೀಸಲು ಕೋರ್‌ನಲ್ಲಿ ಒಂದೇ ಕೆಲಸ ನಡೆಯುತ್ತಿರುವಾಗ ಗಡಿಯಾರದ ಮಿಡಿತವನ್ನು ಬಹುಮಟ್ಟಿಗೆ ನಿಲ್ಲಿಸುವುದು ಮೂರನೆಯದು. 2024ರ ನವೆಂಬರ್‌ನಲ್ಲಿ ಬಿಡುಗಡೆಯಾದ ಲಿನಕ್ಸ್ 6.12ರಿಂದ, ಬಹುಕಾಲ ಪ್ರತ್ಯೇಕ ತೇಪೆಯಾಗಿದ್ದ ರಿಯಲ್ ಟೈಮ್ ಸೌಲಭ್ಯವೂ ಮೂಲ ಕರ್ನೆಲ್‌ನಲ್ಲೇ ದೊರೆಯುತ್ತದೆ.

ಮಿತಿಗಳೂ ಉಂಟು

ಕೋರ್ ಬೇರೆಯಾದರೂ ನೆನಪುಕೋಶ ಮತ್ತು ಕ್ಯಾಶ್‌ನ ಒಂದು ಭಾಗ ಎಲ್ಲರಿಗೂ ಸೇರಿದ್ದು. ಪಕ್ಕದ ಕೋರ್ ಅವನ್ನು ವಿಪರೀತ ಬಳಸಿದರೆ ಮೀಸಲು ಕೋರ್ ಕೂಡ ಕಾಯಬೇಕಾಗುತ್ತದೆ. ವಿದ್ಯುತ್ ಉಳಿಸಲು ನಿದ್ರೆಗೆ ಜಾರಿದ ಕೋರ್ ಎಚ್ಚರಗೊಳ್ಳಲೂ ಸಮಯ ಹಿಡಿಯುತ್ತದೆ. ಮದರ್‌ಬೋರ್ಡಿನ ಫರ್ಮ್‌ವೇರ್ ಒಡ್ಡುವ ಅಡ್ಡಿಯನ್ನು ಕಾರ್ಯಾಚರಣ ವ್ಯವಸ್ಥೆ ತಡೆಯಲಾರದು. ಮೇಲಾಗಿ, ಮೀಸಲು ಕೋರ್ ಬಿಡುವಾಗಿದ್ದರೂ ಇತರ ಕೆಲಸಗಳಿಗೆ ಒದಗುವುದಿಲ್ಲ.

ಆದ್ದರಿಂದ ಅಳೆದು ನೋಡದೆ ನಂಬುವಂತಿಲ್ಲ. 'ಸೈಕ್ಲಿಕ್‌ಟೆಸ್ಟ್' ತಂತ್ರಾಂಶವನ್ನು ಗಣಕದ ಮೇಲೆ ಪೂರ್ಣ ಹೊರೆಯಿರುವಾಗ ಗಂಟೆಗಟ್ಟಲೆ ನಡೆಸಿ, ದಾಖಲಾದ ಗರಿಷ್ಠ ವಿಳಂಬವನ್ನು ಗಮನಿಸಬೇಕು. ಅದು ಗಡುವಿಗಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಆ ಗಣಕಕ್ಕೆ ಇಂಥ ಹೊಣೆ ಒಪ್ಪಿಸುವುದು ಕ್ಷೇಮ.